ದೊಡ್ಡವ್ವನ ಕೋರ್ಟಿನಲ್ಲಿ ಧಣಿ ಮತ್ತು ಬುಗರಿ

ಕೋರ್ಟಿನಲ್ಲಿ ಕೇಸುಗಳು ವರ್ಷಗಟ್ಟಲೆ ಕೊಳೆಯುತ್ತವೆ ಎಂದು ಗೊಣಗುವವರನ್ನೆಲ್ಲ ಒಮ್ಮೆ ಇಳಕಲ್ಲಿಗೆ, ನಮ್ಮ ದೊಡ್ಡವ್ವನ ಮನೆಗೆ ಕರೆದುಕೊಂಡು ಹೋಗಬೇಕಿತ್ತು! ಅಲ್ಲಿ ಬೆಳಗಿನ ಕೇಸು ಮಧ್ಯಾಹ್ನದ ಊಟದೊಳಗೆ ಇತ್ಯರ್ಥ. ನ್ಯಾಯಾಧೀಶರು ದೊಡ್ಡವ್ವ, ಅಂದರೆ ನನ್ನ ಅವ್ವನ ಅಕ್ಕ. ವಕೀಲರೂ ಅವಳೇ, ಅದೂ ಎರಡೂ ಪಕ್ಷಕ್ಕೆ! ಕಕ್ಷಿದಾರರು ಮಾತ್ರ ಬೇರೆ. ಇಬ್ಬರಿಗೂ ಬಾಲವಿತ್ತು.

ಒಬ್ಬರು ಧಣಿ. ಮುಸುಡಿಯೆಲ್ಲ ನರೆತ ಕಂದು ಬಣ್ಣದ ಮುದಿ ನಾಯಿ. ಹಿರಿಯರೆಂಬ ಕಾರಣಕ್ಕೆ ದೊಡ್ಡವ್ವ ಅದನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದಳು. “ಊಟಕ್ಕ ಬರ್ರಿ” ಎಂಬ ಕರೆ ಕೇಳಿ ದೊಡ್ಡಪ್ಪ ಕೈ ತೊಳೆದುಕೊಂಡು ಬಂದು, ಅದು ತನಗಲ್ಲವೆಂದು ತಿಳಿದು ಮತ್ತೆ ಹೋಗಿ ಪೇಪರು ಹಿಡಿದದ್ದುಂಟು. ಇನ್ನೊಂದು ಬುಗರಿ. ದೀಪಾವಳಿಯ ಪಟಾಕಿಗೆ ಹೆದರಿ ಗಟಾರದಲ್ಲಿ ಅಡಗಿದ್ದ ಬೀದಿಮರಿ. ಮನೆಯೊಳಗೆ ಕಾಲಿಟ್ಟ ಮೇಲೆ ಆ ಹೆದರಿಕೆ ಎಲ್ಲಿ ಹೋಯಿತೋ ದೇವರೇ ಬಲ್ಲ!

ದಿನಾ ಬೆಳಿಗ್ಗೆ ದೊಡ್ಡವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯಲು ಶುರು ಮಾಡಿದಳೆಂದರೆ ಪಡಸಾಲೆಯಲ್ಲಿ ಕುಸ್ತಿ ಶುರು. ಬುಗರಿ ಧಣಿಯ ಕಿವಿಗೆ ಜೋತುಬೀಳುತ್ತಿತ್ತು, ಧಣಿ ಅದನ್ನು ಉರುಳಿಸುತ್ತಿತ್ತು, ಎರಡೂ ಸೇರಿ ಚಾಪೆ, ಛತ್ರಿ, ದೊಡ್ಡಪ್ಪನ ಚಹಾ ಎಲ್ಲವನ್ನೂ ಒಂದು ಮಾಡುತ್ತಿದ್ದವು. ದೊಡ್ಡವ್ವ ಹಿಟ್ಟಿನ ಕೈಯಲ್ಲೇ ಓಡಿ ಬರುವಷ್ಟರಲ್ಲಿ ಧಣಿ ಅಂಗಾತ ಬಿದ್ದಿರುತ್ತಿತ್ತು, ಬುಗರಿ ಅದರ ಹೊಟ್ಟೆಯ ಮೇಲೆ! ಇನ್ನೇನು ಪುರಾವೆ ಬೇಕು?

“ಯಾರು ಮೊದಲ ಚಾಲೂ ಮಾಡಿದ್ರು?” ಎಂದು ಕೋರ್ಟು ಕೇಳುತ್ತಿತ್ತು.

“ನಾ ಸುಮ್ನ ಮಲಗಿದ್ನೆವ್ವಾ.” ಇದು ಧಣಿಯ ಪರವಾಗಿ ದೊಡ್ಡವ್ವನ ದಪ್ಪ ದನಿ.

“ನೀ ಏನಂತೀಯೋ ಭಾಡ್ಯಾ?”

“ತಪ್ಪಾತಬೇ.” ಇದು ಬುಗರಿಯ ಪರವಾಗಿ ಅವಳದೇ ಕೀರಲು ದನಿ.

ಆರೋಪಿಯೇ ಒಪ್ಪಿಕೊಂಡ ಮೇಲೆ ವಾದವೆಲ್ಲಿಯದು! ಬುಗರಿಗೆ ದೊಡ್ಡಪ್ಪ ಮಲಗುವ ಹೊರಸಿನ ಕೆಳಗೆ ಸೆರೆವಾಸ. ಅದು ಅಲ್ಲಿ ಕಾಲು ಚಾಚಿ ಒಂದು ನಿದ್ದೆ ತೆಗೆದು, ಹೊಸ ಹುರುಪಿನಿಂದ ಮುಂದಿನ ಅಪರಾಧಕ್ಕೆ ಎದ್ದು ಬರುತ್ತಿತ್ತು.

ಒಮ್ಮೆ ಹುನಗುಂದದಿಂದ ಬೀಗರು ಬಂದಿದ್ದರು. ಬೀಗರೆಂದರೆ ನಮ್ಮ ಕಡೆ ದೇವರಿಗಿಂತ ಒಂದು ತೂಕ ಹೆಚ್ಚು. ಅವರು ಬಾಗಿಲಲ್ಲಿ ಬಿಟ್ಟ ಹೊಸ ಚಪ್ಪಲಿಯನ್ನು ಧಣಿ ಒಂದು ಕಡೆಯಿಂದ, ಬುಗರಿ ಇನ್ನೊಂದು ಕಡೆಯಿಂದ ಜಗ್ಗಿ ಎರಡು ಪಾಲು ಮಾಡಿದವು. ಬೇರೆ ಯಾರಾದರೂ ಆಗಿದ್ದರೆ ನಾಚಿ ನೀರಾಗುತ್ತಿದ್ದರು. ದೊಡ್ಡವ್ವ ಕೋರ್ಟು ಕೂಡಿಸಿದಳು!

“ಊಟ ಆಮ್ಯಾಲ ಆಗತೈತ್ರಿ. ಮೊದಲ ಬಾಯಿ ಹಾಕಿದವರು ಯಾರು, ಖರೆ ಹೇಳ್ರಿ.”

“ನಾ ಸರಿಯಾಗಿ ನೋಡ್ಲಿಲ್ರಿ,” ಎಂದರು ಬೀಗರು, ಉಳಿದ ಒಂಟಿ ಚಪ್ಪಲಿಯನ್ನು ಎದೆಗವಚಿಕೊಂಡು.

“ನಿಮ್ಮ ಚಪ್ಲಿ ನೀವ ನೋಡ್ಕೊಳ್ಳಿಲ್ಲಂದ್ರ ಹೆಂಗ್ರಿ?” ಎಂದು ಸಾಕ್ಷಿಗೇ ಛೀಮಾರಿ! ಬೀಗರು ಕೊನೆಗೆ ದೊಡ್ಡಪ್ಪನ ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹತ್ತಿದರು. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎನ್ನುತ್ತಾರಲ್ಲ? ನಮ್ಮಲ್ಲಿ ಮೂರನೆಯವನಾದ ದೊಡ್ಡಪ್ಪ ಬರಿಗಾಲಲ್ಲಿ ಪೇಟೆಗೆ ಹೋಗಿ ಬಂದ.

ಹೀಗಿರುವಾಗ ಒಂದು ದಿನ ಕುಸ್ತಿಯ ನಡುವೆಯೇ ಧಣಿಯ ಹಿಂಗಾಲುಗಳು ಕುಸಿದವು. ದನದ ದವಾಖಾನೆಯ ಡಾಕ್ಟರು ಬಂದು ಕಾಲು ಮುಟ್ಟಿ ನೋಡಿ, “ವಯಸ್ಸಾಗೇತ್ರಿ, ಕಾಲಾಗ ಶಕ್ತಿ ಇಲ್ಲ. ಇನ್ನ ಕುಣಿಯೂದು ಜಗ್ಗಾಡೂದು ಬಂದ್. ಮರಿನ ದೂರ ಇಡ್ರಿ,” ಎಂದರು. ದೊಡ್ಡವ್ವ ತಡಮಾಡಲಿಲ್ಲ. ಬುಗರಿಗೆ ಗಡಿಪಾರು! ಅಮೀನಗಡದಲ್ಲಿರುವ ಅವಳ ನಾದಿನಿಯ ಮನೆಗೆ. ಗಡಿಪಾರು ಜಾರಿ ಮಾಡಿದ ಪೊಲೀಸ ನಾನೇ. ಬಸ್ಸಿನುದ್ದಕ್ಕೂ ಕೈದಿ ನನ್ನ ಅಂಗಿಯ ಗುಂಡಿ ಜಗಿಯಿತು.

ಒಂದೆರಡು ದಿನ ಕಳೆದಿರಲಿಲ್ಲ, ಬಾಗಲಕೋಟೆಯ ನಮ್ಮ ಮನೆಗೆ ಮರಳಿದ್ದ ನನಗೆ ದೊಡ್ಡವ್ವನ ಫೋನು ಬಂತು. “ಧಣೇರು ಊಟ ಬಿಟ್ಟಾರ ತಮ್ಮಾ. ಹಾಲಾಗ ರೊಟ್ಟಿ ಮುರದ ಹಾಕಿದ್ರೂ ಮೂಸಿ ಸೈತ ನೋಡವಲ್ರು. ಬಾಗಲಾ ನೋಡಕೋತ ಮಕ್ಕೊಂಡಾರ.”

ನಾನು ಹೋದಾಗ ಮನೆಯಲ್ಲಿ ಎಂಥ ಮೌನ! ಆಗ ದೊಡ್ಡಪ್ಪ ಪೇಪರಿನ ಹಿಂದಿನಿಂದ ಬಾಯಿ ಬಿಟ್ಟ. “ದಿನಾ ಮೊದಲ ಕೆಣಕತಿದ್ದಾಂವ ಧಣಿನ. ಮಲಗಿದ್ದ ಮರಿ ಬಾಲ ಕಡದು ಎಬ್ಬಸ್ತಿದ್ದ. ನೀ ಬಂದ ಸಪ್ಪಳ ಕೇಳಿ ತಾನ ಅಂಗಾತ ಬೀಳ್ತಿದ್ದ.”

ದೊಡ್ಡವ್ವ ದಂಗಾದಳು. “ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ರಿ?”

“ನನ್ನ ಯಾರು ಸಾಕ್ಷಿ ಕೇಳಿದ್ರು?”

ನಾನು ನಕ್ಕುಬಿಟ್ಟೆ. ದೊಡ್ಡವ್ವ ನಗಲಿಲ್ಲ. ಧಣಿ ಮುಟ್ಟದೆ ಬಿಟ್ಟಿದ್ದ ಹಾಲು-ರೊಟ್ಟಿಯ ಬಟ್ಟಲನ್ನು ಎತ್ತಿ ಬದಿಗಿಟ್ಟಳು. “ಆಡಿದ್ರ ಕಾಲು ಹೋಗತಾವು. ಆಡದಿದ್ರ ಜೀವಾನ ಹೋಗತೈತಿ. ನಡಿ ಅಮೀನಗಡಕ್ಕ,” ಎಂದಳು.

ಬುಗರಿಯನ್ನು ಮರಳಿ ತಂದು ಬಾಗಿಲಲ್ಲಿ ಬಿಡುವಾಗ ನನಗೆ ನಿಜಕ್ಕೂ ಭಯವಾಗಿತ್ತು. ಅದು ಒಂದೇ ಓಟಕ್ಕೆ ಹೋಗಿ ಧಣಿಯ ಕಿವಿಗೆ ಜೋತುಬಿತ್ತು. ಧಣಿ ಬಾಲ ಬಡಿಯುತ್ತ ಏಳಲು ಹೋಯಿತು. ಹಿಂಗಾಲು ಜಾರಿ ದೊಪ್ಪನೆ ಬಿತ್ತು. ದೊಡ್ಡವ್ವ “ಅಯ್ಯ ಶಿವನ!” ಎಂದು ಕೂಗಿದಳು.

ಬುಗರಿ ಕಿವಿ ಬಿಟ್ಟಿತು. ಧಣಿಯ ಹಿಂಗಾಲುಗಳನ್ನು ಮೂಸಿತು. ಒಂದು ಸುತ್ತು ಬಂದು, ನಮ್ಮ ಕಣ್ಣೆದುರೇ, ಮೆಲ್ಲಗೆ ಧಣಿಯ ಪಕ್ಕದಲ್ಲಿ ತಾನೂ ಮಲಗಿಕೊಂಡಿತು. ಮಲಗಿದಲ್ಲಿಂದಲೇ ಮುಂಗಾಲು ಚಾಚಿ ಧಣಿಯ ಮೂತಿ ತಟ್ಟಿತು. ಧಣಿ ಆ ಪುಟ್ಟ ಕಾಲನ್ನು ಬಾಯಲ್ಲಿಟ್ಟುಕೊಂಡು ಹಲ್ಲು ತಾಗದಂತೆ ಗುರ್ ಎಂದಿತು. ನೆಲ ಬಿಟ್ಟು ಏಳದೆ ಎರಡೂ ಉರುಳಾಡತೊಡಗಿದವು.

ಮೊಣಕಾಲು ನೋವಿನಿಂದ ನೆಲಕ್ಕೆ ಕೂರುವುದನ್ನೇ ಬಿಟ್ಟಿದ್ದ ದೊಡ್ಡವ್ವ ಗೋಡೆ ಹಿಡಿದು ಅವುಗಳ ಪಕ್ಕ ಕೂತಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಸಾಲದೆ ಮತ್ತೆ ಒರೆಸಿಕೊಂಡಳು. ನನ್ನ ಕಣ್ಣೂ ತುಂಬಿ ಬಂತು.

“ಆಡ್ರೆಪಾ, ಆಡ್ರಿ,” ಎಂದಳು. “ಯಾರೂ ಬೈಯೂದಿಲ್ಲ.”