ಎಂಜಿನ್ನಿಗೆ ಮಾಡಿದ ಉಪಚಾರ

ಉಪಚಾರ ನಮ್ಮ ಕಡೆಯವರ ರಕ್ತದಲ್ಲೇ ಇದೆ. ‘ಸಾಕು’ ಎಂದವನ ತಾಟಿಗೆ ಇನ್ನೆರಡು ರೊಟ್ಟಿ ಬಿದ್ದಾಗಲೇ ನಮಗೆ ಅದು ಊಟ. ನಮ್ಮಜ್ಜಿಯಂತೂ ತಾಟಿಗೆ ಅಡ್ಡ ಹಿಡಿದ ಬೀಗರ ಕೈಯ ಮೇಲೇ ತುಪ್ಪ ಸುರಿದವಳು. ಅವಳಿಂದ ಮಾತು ಕಲಿತ ನಾನು ಆ ಗುಣವನ್ನೂ ಕಲಿತೆ. ತಪ್ಪಿದ್ದು ಎಲ್ಲೆಂದರೆ, ಅದನ್ನು ಒಂದು ಎಂಜಿನ್ನಿನ ಮೇಲೆ ತೋರಿಸಿದೆ.

ಎಂಬತ್ತರ ದಶಕದ ಮಾತು. ಚೌಡಾಪುರದ ಹತ್ತಿರದ ನಮ್ಮೂರಲ್ಲಿ ನಾನು ಶಾಲೆ ಮಾಸ್ತರ. ಹೆಂಡತಿ ಶರಣಮ್ಮ ಹಿತ್ತಲಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಗಿರಣಿಗೆ ಡೀಸೆಲ್ ಎಂಜಿನ್, ಪಕ್ಕದಲ್ಲಿ ಗೋಬರ್ ಗ್ಯಾಸಿನ ಗುಂಡಿ, ಅದರೊಳಗೆ ಗ್ಯಾಸು ತುಂಬಿಕೊಂಡು ತೇಲುವ ಕಬ್ಬಿಣದ ಡ್ರಮ್ಮು. ಅಫಜಲಪುರದ ಮಹಬೂಬ ಮಿಸ್ತ್ರಿ ಆ ಗ್ಯಾಸನ್ನು ಪೈಪಿನಲ್ಲಿ ತಂದು, ಎಂಜಿನ್ನು ಗಾಳಿ ಎಳೆದುಕೊಳ್ಳುವ ಬಾಯಿಗೆ ಜೋಡಿಸಿ, ಗ್ಯಾಸು ಹೆಚ್ಚುಕಡಿಮೆ ಮಾಡಲು ನಡುವೆ ಒಂದು ನಳ ಇಟ್ಟುಕೊಟ್ಟಿದ್ದರು. ಡೀಸೆಲ್ ಸ್ವಲ್ಪ, ಗ್ಯಾಸು ಬಹಳ. ಎರಡನ್ನೂ ಕುಡಿದು ಓಡುವ ಎಂಜಿನ್ನು. ಎಮ್ಮೆಯ ಸಗಣಿ ಜೋಳ ಬೀಸುವುದನ್ನು ಕಣ್ಣಾರೆ ಕಂಡರೂ ನನಗೆ ನಂಬಿಕೆಯಾಗದು. ಶಾಲೆ ಬಿಟ್ಟೊಡನೆ ಬಂದು ಅದರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದೆ.

ಬರೀ ನಿಂತಿದ್ದರೆ ಚೆನ್ನಾಗಿತ್ತು. ಒಂದು ದಿನ ಅದರ ಸದ್ದು ಸೊರಗಿದಂತೆ ಕೇಳಿತು. ಪಾಪ, ಹಸಿದಿರಬೇಕು ಅನ್ನಿಸಿ ಗ್ಯಾಸಿನ ನಳ ಪೂರ್ತಿ ತಿರುಗಿಸಿದೆ. ಸಾಲದೆಂದು ಡ್ರಮ್ಮಿನ ಮೇಲೆ ಎರಡು ಕಲ್ಲು ಹೇರಿದೆ. ಗ್ಯಾಸು ಒತ್ತಡದಿಂದ ನುಗ್ಗಲಿ ಎಂದು. ಡೀಸೆಲ್ಲಿನ ಸ್ಕ್ರೂವನ್ನೂ ಅರ್ಧ ಸುತ್ತು ಸಡಿಲಿಸಿದೆ. ಎಂಜಿನ್ನು ಢಬಢಬನೆ ತೇಗಿ, ಎಮ್ಮೆ ಬಣ್ಣದ ಹೊಗೆ ಉಗುಳಿತು. ಹೊಗೆ ಹೋಗಿ ಇಳಿದದ್ದು ಪಕ್ಕದ ಮನೆ ನೀಲಮ್ಮ ಕಾಕಿ ಮೊಮ್ಮಗಳ ಮದುವೆಗೆಂದು ಹೊರಸಿನ ಮೇಲೆ ಒಣಹಾಕಿದ್ದ ಶಾವಿಗೆಯ ಮೇಲೆ.

ಕಾಕಿ ಕೂಗಾಡಲಿಲ್ಲ. ಒಂದು ಹಿಡಿ ಶಾವಿಗೆ ತಂದು ನನ್ನ ಹೆಂಡತಿಯ ಮುಂದೆ ಹಿಡಿದಳು. “ಬೀಗರಿಗೆ ಇದು ಶಾವಿಗಿ ಅಂತ ಹ್ಯಾಂಗ ಹೇಳ್ಲಿ ಶರಣಮ್ಮಾ? ಕೂದಲ ಅಂತಾರ.”

ಮರುದಿನದಿಂದ ಓಣಿಯ ಜೋಳದ ಬುಟ್ಟಿಗಳೆಲ್ಲ ಚೌಡಾಪುರದ ಗಿರಣಿಯ ದಾರಿ ಹಿಡಿದವು. ತಾನೇ ನಿಂತು ಕಟ್ಟಿಸಿದ ಗಿರಣಿಯ ಬಾಗಿಲಲ್ಲಿ ಶರಣಮ್ಮ ಸುಮ್ಮನೆ ಕೂತಳು. ಹೀಗೇ ವಾರ ಕಳೆದರೆ ಗಿರಣಿಗೆ ಬೀಗ ಬೀಳುವುದು ಖಂಡಿತವಿತ್ತು. ಅವಳು ನನ್ನನ್ನು ಬೈಯಲಿಲ್ಲ. ಊಟಕ್ಕೆ ಕೂತಾಗ ಇನ್ನೊಂದು ರೊಟ್ಟಿ ಬೇಕೇ ಎಂದು ಕೇಳಲಿಲ್ಲ, ಅಷ್ಟೇ.

ಹೇಳಿ ಕಳಿಸಿದ ಮೇಲೆ ಮಿಸ್ತ್ರಿ ಬಂದರು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಕೆಯನ್ನು ಕಿವಿಗೆ ಇಟ್ಟು ಕಣ್ಣುಮುಚ್ಚಿ ಕೇಳಿದರು. ಆಮೇಲೆ ಡ್ರಮ್ಮಿನ ಮೇಲೆ ಕಲ್ಲು ಇಟ್ಟವರಾರು ಎಂದರು. ಗಾಳಿಗೆ ಡ್ರಮ್ಮು ಹಾರಬಾರದೆಂದು ಇಟ್ಟೆ ಅಂದೆ. ಅವರು ನಗಲಿಲ್ಲ.

“ಹೊಟ್ಟಿ ತುಂಬ ಗ್ಯಾಸ್ ತುಂಬೀರಿ ಮಾಸ್ತರ್ರ, ಉಸುರಾಡಾಕ ಜಾಗಾನೇ ಬಿಟ್ಟಿಲ್ಲ. ಗಾಳಿ ಇಲ್ದ ಹ್ಯಾಂಗ ಉರೀಬೇಕ್ರಿ ಅದು? ಡೀಸೆಲ್ ಬರೇ ಬೆಂಕಿಕಡ್ಡಿ ಕೊರ್ಯಾಕ. ದುಡ್ಯಾಕ ಗ್ಯಾಸ್ ಅದ.”

ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ, ತೊಳೆದು, ಒಮ್ಮೆ ಚಿಮ್ಮಿಸಿ ತೋರಿಸಿದರು. ಇಸ್ತ್ರಿಯವನು ಬಾಯಿಂದ ಸಿಂಪಡಿಸುವ ನೀರಿಗಿಂತ ನಯ. ಡೀಸೆಲ್ ಪಂಪಿನ ಕೆಳಗಿನಿಂದ ಕಾಗದದಷ್ಟು ತೆಳುವಾದ ಒಂದು ತಗಡು ತೆಗೆದರು. ಗೋಬರ್ ಗ್ಯಾಸು ಸಾವಕಾಶ ಹೊತ್ತಿಕೊಳ್ಳುತ್ತದೆ, ಅದಕ್ಕೇ ಡೀಸೆಲ್ಲು ಕೂದಲೆಳೆಯಷ್ಟು ಮೊದಲೇ ಒಳಗೆ ಹೋಗಬೇಕಂತೆ. ಸೆಕೆಂಡಿಗಿಂತ ಸಣ್ಣ ಹೊತ್ತನ್ನು ನಾನು ಮಕ್ಕಳಿಗೆ ಎಂದೂ ಕಲಿಸಿದವನಲ್ಲ. ಈ ಮನುಷ್ಯ ಒಂದು ತುಂಡು ತಗಡಿನಿಂದ ಕಣ್ಣುರೆಪ್ಪೆ ಬಡಿಯುವ ಹೊತ್ತನ್ನೇ ಸೀಳುತ್ತಿದ್ದರು.

ಡೀಸೆಲ್ಲಿನ ಸ್ಕ್ರೂ ಮೊದಲಿನಂತೆ ಬಿಗಿದು, ಕಲ್ಲು ಇಳಿಸಿ, ಎಂಜಿನ್ನು ಹಚ್ಚಿ, ನಳವನ್ನು ಇಷ್ಟಿಷ್ಟೇ ತಿರುಗಿಸಿದರು. ಗ್ಯಾಸು ಬಂದಷ್ಟೂ ಎಂಜಿನ್ನು ತಾನಾಗಿಯೇ ಡೀಸೆಲ್ಲನ್ನು ಬೇಡವೆನ್ನುತ್ತ ಹೋಯಿತು. ಎಂಜಿನ್ನು ಎಡವುವಂತಾದ ಕಡೆ ನಳ ಒಂದು ಕೂದಲಷ್ಟು ಹಿಂದಕ್ಕೆ. ಸದ್ದು ಸಮವಾಯಿತು. ಆಗ ಮಿಸ್ತ್ರಿ ತಲೆಯ ಬಿಳಿ ಟೋಪಿ ತೆಗೆದು ಹೊಗೆಯ ಕೊಳವೆಗೆ ಅಡ್ಡ ಹಿಡಿದರು. ಗೋಡೆಯಾಚೆಯಿಂದ ನೋಡುತ್ತಿದ್ದ ಕಾಕಿ ಟೋಪಿ ಇಸಕೊಂಡು, ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. ಟೋಪಿ ಬೆಳ್ಳಗೇ ಇತ್ತು.

“ಶಾವಿಗಿ ಮತ್ತ ಹೊಸಿತೇನಿ, ಗೋದಿ ಇಲ್ಲೇ ಬೀಸಸ್ತೇನಿ,” ಅಂದಳು ಶರಣಮ್ಮನಿಗೆ. “ಆದ್ರ ಆ ನಳಕ್ಕ ನಿನ್ ಗಂಡ ಕೈ ಹಚ್ಚಬಾರದ ನೋಡು.”

ನನ್ನನ್ನು ಒಂದು ಮಾತೂ ಕೇಳದೆ ಶರಣಮ್ಮ ಒಪ್ಪಿದಳು. ಬುಟ್ಟಿಗಳು ಮರಳಿ ಬಂದವು. ನನಗೆ ಸಗಣಿ ಕಲಸುವ ಕೆಲಸ ಉಳಿಯಿತು. ಆಮೇಲೆ ಆ ಎಂಜಿನ್ನು ಎಂದೂ ಹೊಗೆಯಾಡಲಿಲ್ಲ. ಎಲ್ಲ ಆ ತೆಳು ತಗಡಿನ ಮಹಿಮೆ ಎಂದು ನಾನು ಕಂಡವರಿಗೆಲ್ಲ ಹೇಳುತ್ತೇನೆ. ಓಣಿಯ ಹೆಂಗಸರು ಮಾತ್ರ ಅದಕ್ಕೆ ಬೇರೆಯೇ ಕಾರಣ ಹೇಳುತ್ತಾರೆ.