ಜ್ವರ ಬಂದರೂ ತಕರಾರು, ಬಾರದಿದ್ದರೂ ತಕರಾರು

ಲಸಿಕೆಯ ನೀಲಿ ಡಬ್ಬಿ ಹೆಗಲಿಗೆ ಹಾಕಿಕೊಂಡು ಊರೊಳಗೆ ಕಾಲಿಟ್ಟರೆ ಸಾಕು, ಏನಾದರೊಂದು ನಡೆದೇ ನಡೆಯುತ್ತದೆ. ನವಲಗುಂದ, ಕುಂದಗೋಳ, ಕಲಘಟಗಿ ಮೂರೂ ತಾಲೂಕಿನಲ್ಲಿ ನರ್ಸ್ ಆಗಿ ಇಪ್ಪತ್ತಾರು ವರ್ಷ ತಿರುಗಿದ್ದೇನೆ. ಎಲ್ಲ ಕಡೆಯೂ ಒಂದೇ ಸ್ವಾಗತ. ನನ್ನನ್ನು ಕಂಡ ಕೂಡಲೇ ಸಣ್ಣವರು ಅಳುತ್ತಾರೆ, ದೊಡ್ಡವರು ಊರಿಗೆ ಹೋಗಿರುತ್ತಾರೆ. ಮೈಯೊಳಗಿನ ರಕ್ತಕಣಗಳು ಹೇಗೆ ಕೆಲಸ ಮಾಡುತ್ತವೆ ಎಂದು ತರಬೇತಿಯಲ್ಲಿ ನಮಗೆ ಕಲಿಸಿದ್ದರು. ಅದನ್ನು ಕೇಳಿದ ಮಂದಿ ಏನು ಮಾಡುತ್ತಾರೆ ಎಂಬುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ.

ಅಜ್ಜಿಯ ತಕರಾರು

ತಿರ್ಲಾಪುರದಲ್ಲಿ ಒಂದು ಕೂಸಿಗೆ ಒಂದೂವರೆ ತಿಂಗಳ ಸೂಜಿ ಮಾಡಿ ಬಂದಿದ್ದೆ. ಮರುದಿನ ಬೆಳಿಗ್ಗೆ ಉಪಕೇಂದ್ರದ ಬಾಗಿಲು ತೆಗೆದರೆ ಕೂಸಿನ ಅಜ್ಜಿ ಎದುರಿಗೇ ನಿಂತಿದ್ದಾಳೆ, ಎರಡೂ ಕೈ ಸೊಂಟದ ಮೇಲೆ.

“ಏನ್ರಿ ಸಿಸ್ಟರ್, ನಗೂ ಕೂಸು ಕೊಟ್ಟಿದ್ವಿ, ಅಳೂ ಕೂಸು ಮಾಡಿ ಕಳಿಸೀರಿ! ಮೈ ಹಂಚಾಗೈತಿ!”

ಒಳಗೆ ಕೂರಿಸಿ ಸಮಾಧಾನದಿಂದ ಹೇಳಿದೆ. ರಕ್ತದಲ್ಲಿ ಬಿಳಿ ಕಣಗಳಿರುತ್ತವೆ, ಅವು ಮೈಯ ಸಿಪಾಯಿಗಳು. ಸೂಜಿಯೊಳಗಿನದು ರೋಗವಲ್ಲ, ರೋಗದ ಗುರುತು ಅಷ್ಟೆ. ಅದನ್ನು ಕಂಡು ಸಿಪಾಯಿಗಳು ಎದ್ದು ಓಡಾಡುತ್ತಾರೆ, ಆ ಗದ್ದಲಕ್ಕೆ ಮೈ ಕಾಯುತ್ತದೆ. ಒಂದೆರಡು ದಿನದಲ್ಲಿ ಇಳಿಯುತ್ತದೆ.

“ಅಂದ್ರ ನಮ್ಮ ಕೂಸಿನ ಸಿಪಾಯಿಗಳು ಡ್ಯೂಟಿ ಮಾಡಾಕತ್ತಾರನ್ರಿ?”

“ಹೂನ್ರಿ ಯವ್ವಾ, ಅಗದಿ ಚೊಲೋ ಮಾಡಾಕತ್ತಾರ.”

ಅಜ್ಜಿಯ ಕೈ ಸೊಂಟದಿಂದ ಇಳಿಯಿತು. ಆವತ್ತು ಇಡೀ ಓಣಿಯಲ್ಲಿ ಮೊಮ್ಮಗನ ಜ್ವರದ್ದೇ ಹೊಗಳಿಕೆ. ಬಾಜೂ ಮನೆಯ ಕೂಸಿಗೆ ಬರೀ ಮೈ ಬೆಚ್ಚಗಾಗಿತ್ತಂತೆ. ಅದರ ತಾಯಿಯನ್ನು ಈಕೆ ಅಯ್ಯೋ ಪಾಪ ಎನ್ನುವಂತೆ ನೋಡಿದಳಂತೆ.

ಮುಂದಿನ ತಿಂಗಳು ಎರಡೂವರೆ ತಿಂಗಳ ಸೂಜಿಯೂ ಆಯಿತು. ಮರುದಿನ ಮತ್ತೆ ಅದೇ ಅಜ್ಜಿ, ಮತ್ತೆ ಸೊಂಟದ ಮೇಲೆ ಕೈ.

“ಸಿಸ್ಟರ್, ಈ ಸಲ ಜ್ವರಾನ ಬಂದಿಲ್ಲ!”

“ಚೊಲೋ ಆತಲ್ರಿ. ಜ್ವರ ಬರಲಿಕ್ಕೇ ಬೇಕಂತಿಲ್ಲ. ಒಳಗ ಗದ್ದಲ ಇಲ್ದಂಗೂ ಕೆಲಸಾ ನಡೀತಿರ್ತೈತಿ.”

ಅಜ್ಜಿ ತಲೆ ಅಲ್ಲಾಡಿಸಿದಳು. “ಗದ್ದಲ ಇಲ್ದಂಗ ಡ್ಯೂಟಿ ಮಾಡೂ ಸಿಪಾಯಿನ್ನ ಈ ವಯಸ್ಸಿನ ತನಕಾ ನಾ ನೋಡಿಲ್ಲ. ಮಲಗ್ಯಾರ ಅವರು. ಇನ್ನೊಂದು ಸೂಜಿ ಚುಚ್ಚಿ ಎಬ್ಬಸ್ರಿ!”

ಬಾವಿನ ಗುಳಗಿ

ಕುಬಿಹಾಳದ ಒಬ್ಬ ರೈತನಿಗೆ ಕಾಲಲ್ಲಿ ಜಾಲಿಮುಳ್ಳು ಮುರಿದು, ಪಾದ ಚಪ್ಪಲಿಗೆ ಹಿಡಿಸದಷ್ಟು ಬಾತಿತ್ತು. ಡಾಕ್ಟರು ಮುಳ್ಳು ತೆಗೆದು, ಕೀವು ತೊಳೆದು, ಎರಡು ಥರದ ಗುಳಗಿ ಬರೆದುಕೊಟ್ಟರು. ಒಂದು ನಂಜಿಗೆ, ಇನ್ನೊಂದು ಬಾವಿಗೆ. “ಬಾವು ಯಾಕ ಬರ್ತೈತ್ರಿ?” ಎಂದು ಆತ ಕೇಳಿದ. ಪಟ್ಟಿ ಕಟ್ಟುತ್ತಿದ್ದ ನಾನು, “ಹೊಲಸು ತಗೀಲಿಕ್ಕೆ ನಿಮ್ಮ ರಕ್ತದ ಕಣಾನ ಬಂದು ಅಲ್ಲಿ ಕೂಡ್ತಾವು, ಅದಕ್ಕ” ಎಂದೆ. ಅಷ್ಟಕ್ಕೇ ಸುಮ್ಮನಾಗಬಾರದಿತ್ತು, ಅಷ್ಟಕ್ಕೇ ಸುಮ್ಮನಾದೆ.

ಮೂರು ದಿನ ಬಿಟ್ಟು ಬಂದ. ಕೀವು ನಿಂತಿತ್ತು. ಬಾವು ಮಾತ್ರ ಇದ್ದ ಹಾಗೇ ಇತ್ತು.

“ಬಾವಿನ ಗುಳಗಿ ತಗೊಂಡಿಲ್ಲೇನು?” ಎಂದು ಡಾಕ್ಟರು ಕೇಳಿದರು.

“ಇಲ್ರಿ. ಬಾವಿನ್ಯಾಗ ಇರೂವು ನಮ್ಮ ಕಣಾನ ಅಂತ ಸಿಸ್ಟರ್ ಹೇಳಿದ್ರು. ನಮಗ ದುಡಿಯಾಕ ಬಂದಾವು ಪಾಪ. ನಮ್ಮ ಮಂದೀನ ನಾವ ಹೆಂಗ ಹೊಡಿಯೂದ್ರಿ?”

ಡಾಕ್ಟರು ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ನಾನೇ ಸುಧಾರಿಸಬೇಕಾಯಿತು. “ನೋಡ್ರಿ, ಅವು ಬಂದಿದ್ದು ಖರೆ. ಕೆಲಸಾ ಮಾಡಿದ್ದೂ ಖರೆ. ಆದ್ರ ಕೆಲಸಾ ಮುಗದ ಮ್ಯಾಲೂ ವಾಪಸ್ ಹೋಗವಲ್ಲವು. ಅಲ್ಲೇ ಕುಂತು ನಿಮಗ ತ್ರಾಸ ಕೊಡಾಕತ್ತಾವು. ಗುಳಗಿ ಅವನ್ನ ಹೊಡಿಯಂಗಿಲ್ಲ, ಮನೀಗೆ ಕಳಸ್ತೈತಿ.”

ಆತನ ಮುಖ ಒಮ್ಮೆಲೇ ಅರಳಿತು. “ಹಂಗನ್ರಿ ಮತ್ತ! ಮಗಳ ಮದುವಿ ಮುಗದು ಹದಿನೈದು ದಿನಾ ಆತು, ಬೀಗರು ಇನ್ನೂ ನಮ್ಮ ಪಡಸಾಲ್ಯಾಗ ಅದಾರ.” ಮೆಲ್ಲಗೆ ಬಾಗಿ ದನಿ ತಗ್ಗಿಸಿದ. “ಸಿಸ್ಟರ್, ಆ ಗುಳಗಿ ಎರಡು ಹೆಚ್ಚಿಗಿ ಕೊಡ್ರಿ.”

ಹೆಡ್ ಮಾಸ್ತರರ ಸೀನು

ಅಣ್ಣಿಗೇರಿ ಕಡೆ ಕಡಲೆ ರಾಶಿ ಶುರುವಾದರೆ ಅಲ್ಲಿಯ ಹೆಡ್ ಮಾಸ್ತರರಿಗೆ ಸೀನು ಶುರು. ಹೊಟ್ಟಿನ ಧೂಳು ಶಾಲೆಯ ಕಿಟಕಿಯಲ್ಲಿ ಬಂದರೆ ಸಾಲಾಗಿ ಹನ್ನೊಂದು, ಹನ್ನೆರಡು. ಮಕ್ಕಳು ಮಗ್ಗಿ ಹೇಳುವುದು ಬಿಟ್ಟು ಅವನ್ನೇ ಎಣಿಸುತ್ತಿದ್ದರು. ಒಮ್ಮೆ ಗಂಡ ಹೆಂಡತಿ ಇಬ್ಬರೂ ದವಾಖಾನೆಗೆ ಬಂದರು.

“ಇದು ನೆಗಡಿ ಅಲ್ರಿ ಸರ್,” ಎಂದೆ. “ಧೂಳು ಪಾಪ ತನ್ನ ಪಾಡಿಗೆ ತಾ ಬಂದಿರ್ತೈತಿ. ನಿಮ್ಮ ರಕ್ತದ ಕಣಗಳು ಅದನ್ನ ವೈರಿ ಅಂತ ತಪ್ಪು ತಿಳಕೊಂಡು, ಸುಮ್ ಸುಮ್ನ ಜಗಳಕ್ಕ ನಿಲ್ತಾವು.”

ಅವರ ಹೆಂಡತಿ ನಿಟ್ಟುಸಿರು ಬಿಟ್ಟು ಕುರ್ಚಿಯಲ್ಲಿ ಕೂತರು. “ಇದು ರೋಗ ಏನ್ರಿ ಹಂಗಾದ್ರ? ಇಪ್ಪತ್ತೆಂಟು ವರ್ಷದಿಂದ ನಾ ಇದನ್ನ ಇವರ ಸ್ವಭಾವ ಅಂತ ತಿಳಕೊಂಡಿದ್ದೆ.”

ಅಂಟುವ ಚಮಚ

ಕೊರೊನಾ ಸೂಜಿಯ ಕಾಲ. ಸೂಜಿ ಮಾಡಿಸಿಕೊಂಡವರ ಮೈಗೆ ಕಬ್ಬಿಣ ಅಂಟುತ್ತದೆ ಎಂಬ ವಿಡಿಯೋ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ಕುಂದಗೋಳದ ಹತ್ತಿರದ ಒಂದು ಊರಿನಲ್ಲಿ, ಶಾಲೆಯ ಕಟ್ಟೆಯ ಮೇಲೆ ನಾವು ಟೇಬಲ್ಲು ಹಾಕಿಕೊಂಡು ಕೂತಿದ್ದೆವು. ಸರದಿಯ ಪಾಳಿಯಲ್ಲಿ ನಲವತ್ತು ಮಂದಿಯಾದರೂ ಇದ್ದರು. ಎದುರಿನ ಚಹಾದಂಗಡಿಯ ಮಾಲಕ ಅಂಗಿ ಕಳಚಿ, ತೋಳಿಗೆ ಸ್ಟೀಲಿನ ಚಮಚ ಅಂಟಿಸಿಕೊಂಡು ರಸ್ತೆಗೆ ಬಂದ.

“ನೋಡ್ರಿಪಾ, ಖರೇನ ಹತ್ತತೈತಿ!”

ಚಮಚ ಬೀಳಲೇ ಇಲ್ಲ. ಪಾಳಿ ಕರಗತೊಡಗಿತು. ಹಿಂದಿನ ವಾರವೇ ಸೂಜಿ ಮಾಡಿಸಿಕೊಂಡಿದ್ದ ಟೇಲರ್ ಚಾಚಾ ಮಾತ್ರ ಅವಸರ ಮಾಡಲಿಲ್ಲ. ಅಂಗಡಿಗೆ ಹೋಗಿ, ನೆಲಕ್ಕೆ ಬಿದ್ದ ಗುಂಡುಸೂಜಿ ಆರಿಸುವ ತಮ್ಮ ಅಯಸ್ಕಾಂತ ತಂದರು. ಎಲ್ಲರ ಎದುರಿಗೇ ತಮ್ಮ ತೋಳಿಗೆ ಹಿಡಿದು ಕೈಬಿಟ್ಟರು. ಟಣ್ ಎಂದು ಕೆಳಗೆ ಬಿತ್ತು. ಮತ್ತೆ ಹಿಡಿದರು, ಮತ್ತೆ ಬಿತ್ತು.

“ನಂಗ ಹತ್ತವಲ್ದು,” ಎಂದರು ಚಾಚಾ. “ತಮ್ಮಾ, ನೀ ಸೂಜಿ ಯಾವಾಗ ಮಾಡಿಸಿದಿ?”

ಮಾಲಕ ತಲೆ ಕೆರೆದುಕೊಂಡ. “ನಾ ಎಲ್ಲಿ ಮಾಡಿಸೇನ್ರಿ? ಇದನ್ನ ನೋಡೇ ಅಂಜಿಕಿ ಬಂದೈತಿ.”

ಅಷ್ಟರಲ್ಲಿ ಅಂಗಡಿಯೊಳಗಿಂದ ಅವನ ಹೆಂಡತಿ ಬಂದು, ತೋಳಿನಿಂದ ಚಮಚ ಕಿತ್ತುಕೊಂಡಳು. “ಜಿಲೇಬಿ ಪಾಕದ ಚಮಚಾರಿ ಇದು. ನಮ್ಮ ಅಂಗಡಿ ಗ್ವಾಡಿಗೂ ಹತ್ತತೈತಿ. ಗ್ವಾಡಿಗೆ ಯಾವ ಸೂಜಿ ಮಾಡೀರಿ?”

ಕಂಡಕ್ಟರ್ ಕಾಕಾ

ಈಗ ನನ್ನದೇ ಫಜೀತಿ.

ದುಮ್ಮವಾಡದಲ್ಲಿ ಬಸ್ಸಿನ ಕೆಲಸದಿಂದ ನಿವೃತ್ತರಾದ ಒಬ್ಬರಿದ್ದಾರೆ. ಊರಿಗೆಲ್ಲ ಕಂಡಕ್ಟರ್ ಕಾಕಾ. ಅವರು ಮನೆಯ ನಾಯಿಯ ಬಾಲ ತುಳಿದರು, ಅದು ಕಾಲಿಗೆ ಕಚ್ಚಿತು. ಸೋಪು ಹಚ್ಚಿ ಗಾಯ ತೊಳೆಸಿ, ಕಲಘಟಗಿಗೆ ಕರೆದೊಯ್ದು ಮೊದಲನೇ ಸೂಜಿ ಮಾಡಿಸಿದೆ. ಗಾಯದ ಸುತ್ತಲೂ ಔಷಧ ಚುಚ್ಚಿಸಿದೆ.

“ಮುಗೀತಲ್ರಿ?” ಎಂದರು ಕಾಕಾ.

“ಇನ್ನೂ ಅದಾವ್ರಿ. ಒಂದ ಸಲಕ್ಕ ಮೈಗೆ ಪಾಠ ಗಟ್ಟಿ ಆಗಂಗಿಲ್ಲ. ತಾರೀಖು ಬರದೇನಿ, ತಪ್ಪದ ಬರ್ರಿ.”

“ಮನೀ ನಾಯಿರಿ ಅದು. ನಮ್ಮ ಜೋಡಿ ಹಾಲು ಅನ್ನ ಉಣತೈತಿ. ಅದಕ್ಕೆಲ್ಲಿ ರೋಗ?”

ಬೇರೆ ವಿಷಯಕ್ಕೆ ನಾನೂ ನಗುತ್ತೇನೆ, ಈ ವಿಷಯಕ್ಕೆ ನಗುವುದಿಲ್ಲ. ಹುಚ್ಚುನಾಯಿ ರೋಗ ತಲೆಗೇರಿದ ಮೇಲೆ ಯಾವ ಡಾಕ್ಟರೂ ಏನೂ ಮಾಡಲಾರರು. ಅದನ್ನೂ ಹೇಳಿದೆ. ಮೂರನೇ ದಿನ ಕಾಕಾ ಬರಲಿಲ್ಲ. ನನಗೆ ಊಟ ಸೇರಲಿಲ್ಲ. ಸ್ಕೂಟಿ ಹತ್ತಿ ಅವರ ಮನೆಗೇ ಹೋದೆ.

ಬಾಗಿಲಲ್ಲಿ ಅವರ ಹೆಂಡತಿ, ಕಾಕು. “ಊರಾಗ ಇಲ್ರಿ ಅವರು, ಹುಬ್ಬಳ್ಳಿಗೆ ಹೋಗ್ಯಾರ,” ಎಂದರು. ಬಾಯಿ ಹುಬ್ಬಳ್ಳಿ ಎನ್ನುತ್ತಿತ್ತು, ಕಣ್ಣು ಅಟ್ಟದ ಕಡೆ ಹೋಗುತ್ತಿತ್ತು. ಅಟ್ಟದ ಮೇಲೆ ಯಾರೋ ಕೆಮ್ಮಿದರು.

“ಯಾರ್ರಿ ಅದು?”

“ಬೆಕ್ಕರಿ.”

“ಕೆಮ್ಮೂ ಬೆಕ್ಕೇನ್ರಿ? ನೋಡೇ ಬಿಡೂಣು,” ಎಂದು ಒಳಗೆ ಹೆಜ್ಜೆ ಇಟ್ಟೆ. ಬಾಗಿಲ ಹಿಂದೆ ಮಲಗಿದ್ದ ನಾಯಿಗೆ ನಾನು ಸರಕಾರದವಳೆಂದು ಏನು ಗೊತ್ತು? ನನ್ನ ಕಾಲಿಗೂ ಕಚ್ಚಿತು.

ನಾನು ಕಿರುಚಿದ ದನಿಗೆ ಕಾಕಾ ಅಟ್ಟದಿಂದ ಧುಮುಕಿದರು, ತಲೆಯ ತುಂಬ ಜೇಡರ ಬಲೆ. ನನ್ನನ್ನು ಬಚ್ಚಲಿಗೆ ಕರೆದೊಯ್ದು, ನಳ ಬಿಟ್ಟು, ಸೋಪಿನಿಂದ ಕಾಲು ತೊಳೆದರು. ಆಮೇಲೆ ಸ್ಕೂಟಿಯ ಚಾವಿ ತಗೊಂಡು, “ಏಳ್ರಿ ಸಿಸ್ಟರ್, ಹೋಗೂಣು,” ಎಂದರು.

“ಯಾಕ್ರಿ ಕಾಕಾ? ಹಾಲು ಅನ್ನ ಉಣ್ಣೂ ನಾಯಿ ಅಲ್ಲೇನು?”

ಕಾಕಾ ಸ್ಕೂಟಿ ಚಾಲೂ ಮಾಡಿದರು.

ದವಾಖಾನೆಯಲ್ಲಿ ಇಬ್ಬರನ್ನೂ ಬಾಜೂ ಬಾಜೂ ಸ್ಟೂಲಿನ ಮೇಲೆ ಕೂರಿಸಿದರು. ಇಷ್ಟು ವರ್ಷ ನಾನು ಚುಚ್ಚಿದ ಸೂಜಿಗೆ ಲೆಕ್ಕವಿಲ್ಲ. ಆದರೆ ಸೂಜಿ ನನ್ನ ಕಡೆಗೇ ಬರುವುದನ್ನು ಕಂಡು “ಯವ್ವಾ!” ಎಂದು ಕೂಗಿದ್ದು ಹೊರಗಿನ ಔಷಧದ ಪಾಳಿಯವರೆಗೆ ಕೇಳಿಸಿತಂತೆ. ಕಾಕಾ ಸುಮ್ಮನೆ ತೋಳು ಚಾಚಿ, ನನಗೇ ಧೈರ್ಯ ಹೇಳಿದರು. “ಗ್ವಾಡಿ ನೋಡ್ರಿ ಸಿಸ್ಟರ್, ಉಸಿರು ಬಿಡ್ರಿ, ಇರಿವಿ ಕಚ್ಚಿದಂಗ ಆಗ್ತೈತಿ ಅಷ್ಟ.”

ಅವತ್ತಿನಿಂದ ಕಾಕಾ ಒಂದು ತಾರೀಖೂ ತಪ್ಪಿಸಲಿಲ್ಲ. ನನ್ನ ತಾರೀಖಿಗೂ ತಾವೇ ಬಂದು, ಮನೆಯ ಮುಂದೆ ನಿಂತು “ಯಾರ್ರಿ ಕಲಘಟಗಿ?” ಎಂದು ಕೂಗುತ್ತಿದ್ದರು. ನಾಯಿಗೂ ಪಶು ದವಾಖಾನೆಯಲ್ಲಿ ಸೂಜಿ ಆಯಿತು. ಮೂವರೂ ಕ್ಷೇಮ.

ಆದರೆ ಕಾಕಾ ಕೂತ ಕಟ್ಟೆ, ನಿಂತ ಅಂಗಡಿಯಲ್ಲೆಲ್ಲ ಒಂದೇ ಕಥೆ ಹೇಳಿದರು. “ನಂಗ ಬುದ್ಧಿ ಬರ್ಲಿ ಅಂತ ಸಿಸ್ಟರ್ ತಾವ ಹೋಗಿ ನಾಯಿ ಬಾಯಾಗ ಕಾಲಿಟ್ರು. ಇಂಥಾ ಮಂದಿ ಸಿಗಂಗಿಲ್ಲ.” ಹಾಗಲ್ಲ ಎಂದು ಹತ್ತು ಮಂದಿಗೆ ಹೇಳಿದೆ. ಇವರಿಗೆ ಎಷ್ಟು ವಿನಯ ನೋಡ್ರಿ ಎಂದು ಹತ್ತೂ ಮಂದಿ ಮೆಚ್ಚಿಕೊಂಡರು.

ತಿಂಗಳಾದ ಮೇಲೆ ಆ ಊರಲ್ಲೇ ಒಬ್ಬನಿಗೆ ಮುಳ್ಳುತಂತಿ ಗೀರಿ ಕೈಗೆ ಗಾಯವಾಯಿತು. ಧನುರ್ವಾಯು ಸೂಜಿ ಮಾಡುತ್ತೇನೆಂದು ಹೋದರೆ, ಆತ ಕೋಣೆ ಸೇರಿ ಚಿಲಕ ಹಾಕಿಕೊಂಡ. ಕಿಟಕಿಯಲ್ಲಿ ಅರ್ಧ ತಾಸು ಬೇಡಿಕೊಂಡೆ. ಜಪ್ಪಯ್ಯ ಎನ್ನಲಿಲ್ಲ.

ಅವನ ಹೆಂಡತಿ ಅಷ್ಟೂ ಹೊತ್ತು ನನ್ನ ಕಾಲನ್ನೇ ಕನಿಕರದಿಂದ ನೋಡುತ್ತಿದ್ದಳು. ಕೊನೆಗೆ ಹತ್ತಿರ ಬಂದು, ಹಿತ್ತಲಿನ ಕಡೆ ಕೈ ಮಾಡಿ, ಬಹಳ ಮರ್ಯಾದೆಯಿಂದ ಕೇಳಿದಳು:

“ಸಿಸ್ಟರ್, ಇವರು ಹಿಂಗ ಹೇಳಿದ್ರ ಕೇಳೂದಿಲ್ರಿ. ನಾಯಿ ಬಿಡ್ಲೇನ್ರಿ?”