ಖಾನಾವಳಿಯ ಸಾವ್ಕಾರನ ಸಕ್ಕರೆ

ನಮ್ಮ ದೊಡ್ಡವ್ವ ಈ ಜನ್ಮದಲ್ಲಿ ಯಾರ ಮಾತನ್ನೂ ಕೇಳಿದವಳಲ್ಲ. ಗಂಡ ಇದ್ದಷ್ಟು ದಿನ ಗಂಡನ ಮಾತು ಕೇಳಲಿಲ್ಲ, ಆಮೇಲೆ ಅಣ್ಣತಮ್ಮಂದಿರ ಮಾತು ಕೇಳಲಿಲ್ಲ, ಗ್ಯಾಸ್ ಸಿಲಿಂಡರಿನವನ ಮಾತನ್ನಂತೂ ಕಿವಿಗೇ ಹಾಕಿಕೊಳ್ಳಲಿಲ್ಲ. ಒಂದು ಬೆಕ್ಕಿನ ಮಾತನ್ನು ಮಾತ್ರ ಚಾಚೂ ತಪ್ಪದೆ ನಡೆಸುತ್ತಿದ್ದಳು. ಬೆಕ್ಕು ಮಾತನಾಡುವುದಿಲ್ಲವಲ್ಲ ಎನ್ನುತ್ತೀರಾ? ಅದಕ್ಕೇ ಸ್ವಾಮಿ, ಅವರಿಬ್ಬರಿಗೂ ಹೊಂದಿಕೆಯಾದದ್ದು!

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಮಕ್ಕಳಿಲ್ಲ. ಕೊಪ್ಪಳದ ಕಡೆಯಿಂದ ಬೆಂಗಳೂರಿನ ಪೀಣ್ಯಕ್ಕೆ ಬಂದು, ನಟ್ಟು ಬೋಲ್ಟು ಮಾಡುವ ಕಾರ್ಖಾನೆಯೊಂದರ ಎದುರಿಗೆ ಖಾನಾವಳಿ ಹಾಕಿದ್ದಳು. ಬಾಗಿಲ ಮೇಲೆ ಹಸಿರು ಬಣ್ಣದಲ್ಲಿ ‘ಶುದ್ಧ ಸಸ್ಯಾಹಾರಿ’ ಎಂಬ ಬೋರ್ಡು. ಬೆಳಿಗ್ಗೆ ಸ್ನಾನ ಮಾಡಿ, ಇಷ್ಟಲಿಂಗದ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ರೊಟ್ಟಿ ಬಡಿಯಲು ಕೂತಳೆಂದರೆ ಆ ಸದ್ದಿಗೆ ಎದುರಿನ ಪ್ರೆಸ್ ಮಷೀನು ನಾಚಿಕೊಳ್ಳಬೇಕು. ನಮ್ಮ ಸೀಮೆಯಿಂದ ದುಡಿಯಲು ಬಂದವರ ಹೊಟ್ಟೆಯೆಲ್ಲ ಅವಳ ಕೈಯಲ್ಲಿತ್ತು.

ನಾನೂ ಆ ಖಾನಾವಳಿಯಲ್ಲೇ ಬೆಳೆದವಳು. ಅಪ್ಪ ಗೋಡೆ ಕಟ್ಟುವ ಗೌಂಡಿ. ಕಟ್ಟಡ ಎಲ್ಲಿ ಏಳುತ್ತದೋ ಅಲ್ಲಿಗೆ ಅವನೂ ಅವ್ವನೂ. ನಾನು ಮಾತ್ರ ದೊಡ್ಡವ್ವನ ಹತ್ತಿರ. ನಮ್ಮ ಎರಡೂ ಕಡೆಯ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲ ಪ್ರಾಣಿ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೇನಿಲ್ಲ, ಯಾರೂ ಕೇಳದಿದ್ದರೂ ಹೇಳುತ್ತೇನೆ! ಖಾನಾವಳಿಯ ಗೋಡೆಯ ಮೇಲೆ, ಕೈ ತೊಳೆಯುವ ಜಾಗದ ಪಕ್ಕದಲ್ಲೇ, ಕಪ್ಪು ಗೌನು ತೊಟ್ಟ ನನ್ನ ಬಿ.ಎಸ್ಸಿ. ಫೋಟೋ ಇದೆ. ನಡುವೆ ಒಮ್ಮೆ ಕೆಮಿಸ್ಟ್ರಿಯಲ್ಲಿ ಡುಮ್ಕಿ ಹೊಡೆದಿದ್ದೆ. ಅದು ಫೋಟೋದಲ್ಲಿ ಕಾಣುವುದಿಲ್ಲ.

ಇನ್ನು ಬೆಕ್ಕು. ಬೂದಿ ಬಣ್ಣದ ಗಂಡು. ಜೋಳದ ಚೀಲಗಳನ್ನು ಇಲಿಗಳಿಂದ ಕಾಯಲೆಂದು ತಂದದ್ದು. ಖಾನಾವಳಿಯ ಊಟ ಉಂಡು ಉಂಡು ಅದು ಎಷ್ಟು ಊದಿಕೊಂಡಿತೆಂದರೆ, ಇಲಿ ಮೂಗಿನ ಮುಂದೆ ಹಾದುಹೋದರೂ ಪರಿಚಯದವರು ಎಂಬಂತೆ ಕಣ್ಣು ಮಿಟುಕಿಸಿ ಸುಮ್ಮನಾಗುತ್ತಿತ್ತು. ಅದಕ್ಕೇ ‘ಸಾವ್ಕಾರ’ ಎಂದು ಹೆಸರು. ದೊಡ್ಡವ್ವನಿಗೆ ಅದೇ ಹೆಮ್ಮೆ.

“ನಮ್ಮ ಸಾವ್ಕಾರ ಹುಟ್ಟಿದಾಗಿಂದ ಬಾಯಿಗೆ ಮೈಲಿಗಿ ಹಚ್ಚಿಲ್ಲ ನೋಡ್ರಿ!”

ಪೀಣ್ಯದ ರಸ್ತೆಯಲ್ಲಿ ಮೆಟ್ರೋದ ಕಂಬಗಳು ಏಳುತ್ತಿದ್ದ ಕಾಲಕ್ಕೆ ಸಾವ್ಕಾರ ಇಳಿಯತೊಡಗಿದ. ಉಣ್ಣುವುದು ಹೆಚ್ಚಾಯಿತು, ಮೈ ಕಡಿಮೆಯಾಯಿತು. ನೀರಿನ ಬಕೆಟ್ಟಿನಲ್ಲಿ ಮುಖವಿಟ್ಟರೆ ತೆಗೆಯುವುದೇ ಇಲ್ಲ. ಹಿಂಗಾಲು ಎಳೆದುಕೊಂಡು ನಡೆಯಲು ಶುರುಮಾಡಿದ ದಿನ ದೊಡ್ಡವ್ವ ಅವನನ್ನು ರೊಟ್ಟಿ ಬುಟ್ಟಿಯಲ್ಲಿ ಕೂರಿಸಿ, ಮೇಲೆ ಬಿಳಿ ಬಟ್ಟೆ ಮುಚ್ಚಿ, ನನ್ನನ್ನೂ ಎಳೆದುಕೊಂಡು ಆಟೋ ಹತ್ತಿದಳು. ದನದ ಡಾಕ್ಟರಲ್ಲ, ಸಾಕುಪ್ರಾಣಿಗಳ ಡಾಕ್ಟರು. ಅಲ್ಲಿ ಕಾಯುತ್ತಿದ್ದ ಅಪಾರ್ಟ್‌ಮೆಂಟಿನ ನಾಯಿಗಳ ಕೊರಳಪಟ್ಟಿ ನನ್ನ ಚಪ್ಪಲಿಗಿಂತ ಚೆನ್ನಾಗಿತ್ತು!

ಡಾಕ್ಟರು ಚಿಕ್ಕ ವಯಸ್ಸಿನವರು. ರಕ್ತ ಪರೀಕ್ಷೆ ಮಾಡಿ ಹೇಳಿದರು: “ಅಮ್ಮಾ, ಇವನಿಗೆ ಶುಗರ್ ಇದೆ.”

“ಬೆಕ್ಕಿಗೆ? ಅದೇನು ಕುರ್ಚಿ ಮ್ಯಾಲ ಕುಂತು ಕೆಲಸಾ ಮಾಡತೈತೇನ್ರಿ?”

“ಏನ್ ತಿನ್ನಿಸ್ತೀರಮ್ಮಾ ಇವನಿಗೆ?”

“ಮುಂಜಾನೆ ಹಾಲು ಅನ್ನ. ಮಧ್ಯಾಹ್ನ ಹಾಲಿನ್ಯಾಗ ರೊಟ್ಟಿ. ಹಬ್ಬಕ್ಕ ಹೋಳಿಗಿ. ಸೋಮವಾರ ಗೋಧಿ ಬೆಲ್ಲದ ಮಾದಲಿ, ಮ್ಯಾಲ ತುಪ್ಪ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಅಮ್ಮಾ, ಬೆಕ್ಕು ಮಾಂಸ ತಿನ್ನೋ ಪ್ರಾಣಿ.”

“ಊರಾಗಿನ ಬೆಕ್ಕು ತಿಂತಾವು. ಇದು ನಮ್ಮ ಮನೀದು!”

ದಿನಕ್ಕೆರಡು ಸಲ ಇನ್ಸುಲಿನ್, ಹನ್ನೆರಡು ಗಂಟೆಗೊಮ್ಮೆ, ಮನೆಯಲ್ಲೇ ರಕ್ತ ನೋಡಬೇಕು, ಬಹುಶಃ ಬದುಕಿರುವವರೆಗೂ ಎಂದು ಡಾಕ್ಟರು ವಿವರಿಸಿದರು. ಇಷ್ಟೆಲ್ಲ ನಿಮ್ಮಿಂದ ಆಗದಿದ್ದರೆ ನೋವಿಲ್ಲದೆ ಕೊನೆ ಮಾಡುವ ದಾರಿಯೂ ಇದೆ ಎಂದು ದನಿ ತಗ್ಗಿಸಿ ಸೇರಿಸಿದರು. ಪಾಪ, ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ದೊಡ್ಡವ್ವ ಬುಟ್ಟಿಯ ಬಟ್ಟೆಯನ್ನು ಸರಿಯಾಗಿ ಹೊದಿಸಿ ಎದ್ದು ನಿಂತಳು.

“ಕಷ್ಟ ಆಕ್ಕೈತಂತ ಕೊಲ್ಲೂದಾದ್ರ ಪೀಣ್ಯದಾಗ ಒಬ್ಬರೂ ಉಳಿಯೂದಿಲ್ಲ ಡಾಕ್ಟರ್. ಸೂಜಿ ಹ್ಯಾಂಗ ಚುಚ್ಚೂದು, ಅದನ್ನ ತೋರಸ್ರಿ.”

ತೋರಿಸಿದರು. ಅಭ್ಯಾಸಕ್ಕೆಂದು ದೊಡ್ಡವ್ವ ಮನೆಗೆ ಬಂದವಳೇ ಒಂದು ಬುಟ್ಟಿ ಬದನೆಕಾಯಿಗೆ ನೀರು ತುಂಬಿದ ಸಿರಿಂಜು ಚುಚ್ಚಿದಳು. ಚರ್ಮ ಎತ್ತಿ ಹಿಡಿಯಬೇಕು ಎಂದು ಡಾಕ್ಟರು ಹೇಳಿದ್ದರು. ಬದನೆಕಾಯಿಗೆ ಎತ್ತುವಂಥ ಚರ್ಮ ಎಲ್ಲಿಂದ ಬರಬೇಕು? ತೊಟ್ಟು ಹಿಡಿದು ಎತ್ತಿದಳು! ಅಂದಿನ ಎಣ್ಣೆಗಾಯಿ ಎಂದಿಗಿಂತ ಮೆತ್ತಗಿದೆ ಎಂದು ಗಿರಾಕಿಗಳು ಎರಡೆರಡು ಸಲ ಹಾಕಿಸಿಕೊಂಡರು.

ಹನ್ನೆರಡು ಗಂಟೆಯ ಲೆಕ್ಕಕ್ಕೆ ಗಡಿಯಾರವೇ ಬೇಕಾಗಲಿಲ್ಲ. ಎದುರಿನ ಕಾರ್ಖಾನೆಯಲ್ಲಿ ಎಂಟರಿಂದ ಎಂಟರ ಪಾಳಿ. ಸೈರನ್ನು ಕೂಗಿದರೆ ಮನುಷ್ಯರೆಲ್ಲ ಗೇಟಿನ ಕಡೆಗೆ, ಸಾವ್ಕಾರ ಒಬ್ಬ ದೊಡ್ಡವ್ವನ ಮಡಿಲಿಗೆ. ತಟ್ಟೆಗೆ ಮುಖ ಹಾಕಿದಾಗ ಬೆನ್ನಿಗೆ ಸೂಜಿ. ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಆಯುಧಪೂಜೆಗೆ ಕಾರ್ಖಾನೆ ಮುಚ್ಚಿ ಸೈರನ್ನು ಸುಮ್ಮನಿದ್ದ ದಿನ ದೊಡ್ಡವ್ವ ತಾನೇ ಬಾಗಿಲಿಗೆ ಬಂದು ಬಾಯಿಗೆ ಕೈ ಇಟ್ಟು “ಊಊಊ” ಎಂದು ಕೂಗಿದಳು. ರಜೆಯಲ್ಲಿದ್ದ ಇಬ್ಬರು ಹೆಲ್ಪರುಗಳು ಗಾಬರಿಯಿಂದ ಅಂಗಿ ತೊಟ್ಟುಕೊಂಡು ಹೊರಗೆ ಓಡಿಬಂದರು! ಅದೇ ದಿನ ಲಟ್ಟಣಿಗೆ, ತವೆಗಳ ಜೊತೆ ಸಿರಿಂಜಿಗೂ ರಕ್ತ ನೋಡುವ ಮಷೀನಿಗೂ ವಿಭೂತಿ ಹಚ್ಚಿ ಹೂವು ಏರಿಸಿದಳು.

ಆ ಮಷೀನು ನನ್ನ ಪಾಲಿನ ಕೆಲಸ. ನಾನು ಮಾತ್ರೆ ತಯಾರಿಸುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಮಾತ್ರೆ ನೀರಿನಲ್ಲಿ ಎಷ್ಟು ಹೊತ್ತಿಗೆ ಕರಗುತ್ತದೆ ಎಂದು ನೋಡುವವಳು. ಬೆಕ್ಕಿಗೂ ನನಗೂ ಏನು ಸಂಬಂಧ? ದೊಡ್ಡವ್ವ ಕೇಳಬೇಕಲ್ಲ.

“ಬಿ.ಎಸ್ಸಿ. ಓದಿದಾಕಿ, ಬೆಕ್ಕಿನ ರಕ್ತ ಓದಾಕ ಬರೂದಿಲ್ಲೇನು?”

ಓದಿದೆ. ಕಿವಿಯ ಅಂಚಿಗೆ ಸೂಜಿ ತಾಗಿಸಿ, ಸಾಸಿವೆಕಾಳಿನಷ್ಟು ರಕ್ತ ತೆಗೆದು ಓದಿದೆ. ಮನೆಯಲ್ಲಿ ನೋಡಿದರೆ ಮುನ್ನೂರು, ಕ್ಲಿನಿಕ್ಕಿನಲ್ಲಿ ನಾನೂರು. ಬೆಕ್ಕುಗಳಿಗೆ ಹೆದರಿಕೆಯಾದರೂ ಸಕ್ಕರೆ ಏರುತ್ತದೆ ಎಂದರು ಡಾಕ್ಟರು. “ನಮ್ಮ ಸಾವ್ಕಾರ ಯಾರಿಗೂ ಹೆದರೂದಿಲ್ಲ, ನಿಮ್ಮ ಮಷೀನ ಹೆದರೇತಿ” ಎಂದಳು ದೊಡ್ಡವ್ವ.

ವಾರಗಳು ಕಳೆದರೂ ಮುನ್ನೂರು ಇಳಿಯಲಿಲ್ಲ. ಕಾಲು ಎಳೆಯುವುದೂ ನಿಲ್ಲಲಿಲ್ಲ. ಡಾಕ್ಟರು ಕೈಮುಗಿದೇ ಹೇಳಿದರು: “ಅಮ್ಮಾ, ಅನ್ನ ರೊಟ್ಟಿ ನಿಲ್ಸಿ. ಕೋಳಿ ಕೊಡಿ. ಇಲ್ಲಾಂದ್ರೆ ಇವನು ಉಳಿಯಲ್ಲ.”

ದೊಡ್ಡವ್ವ ಕೋಳಿಯ ಬದಲಿಗೆ ಬೇರೆ ದಾರಿ ಹುಡುಕಿದಳು. ಮೊದಲು ಸೋಯಾ ಬೇಯಿಸಿ ಇಟ್ಟಳು. ಆಮೇಲೆ ಪನೀರು. ಸಾವ್ಕಾರ ಪನೀರನ್ನು ಮೂಸಿ, ಅದರ ಮೇಲೆ ಮಣ್ಣು ಎಳೆಯುವವನಂತೆ ಮುಂಗಾಲಿನಿಂದ ನೆಲ ಕೆರೆದು ಹೊರಟುಹೋದ. ಬೆಕ್ಕು ಆ ಕೆಲಸವನ್ನು ಯಾವುದರ ಮೇಲೆ ಮಾಡುತ್ತದೆ ಎಂಬುದು ನಿಮಗೇ ಗೊತ್ತು!

ಮರುದಿನ ಪೂಜೆ ಮುಗಿಸಿದವಳೇ ನನ್ನನ್ನು ಕರೆದುಕೊಂಡು ಚಿಕನ್ ಅಂಗಡಿಯ ಮುಂದೆ ನಿಂತಳು. ಮೂಗಿಗೆ ಸೆರಗು, ಹಣೆಗೆ ವಿಭೂತಿ, ಕಣ್ಣು ಪೂರಾ ಮುಚ್ಚಿ. ಅಂಗಡಿಯ ಸಾಬಣ್ಣನ ಕೈಯಲ್ಲಿದ್ದ ಕತ್ತಿ ಹಾಗೇ ನಿಂತಿತು.

“ಏನಮ್ಮಾ, ದಾರಿ ತಪ್ಪಿ ಬಂದ್ರಾ?”

“ದಾರಿ ಗೊತ್ತಿದ್ದs ಬಂದೇನಪಾ. ಒಂದು ಬೆಕ್ಕಿನ ಹೊಟ್ಟಿ ತುಂಬುವಷ್ಟು ಕೊಡು.”

ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ. ಬೇಯಿಸಿ, ಮತ್ತೆ ತಲೆಗೆ ಸ್ನಾನ ಮಾಡಿ, ಆಮೇಲೆ ರೊಟ್ಟಿ. ಎಷ್ಟು ಮುಚ್ಚಿಟ್ಟರೇನು, ವಾಸನೆಗೆ ಬಾಯಿ ಮುಚ್ಚಿಕೊಳ್ಳಲು ಬರುತ್ತದೆಯೇ? ಎದುರಿನ ಕಾರ್ಖಾನೆಯ ಸೂಪರ್‌ವೈಸರ್ ಕಾಕಾ ಮಧ್ಯಾಹ್ನ ಊಟಕ್ಕೆ ಬಂದವನು ಕೂರದೆ ನಿಂತೇ ಇದ್ದ. ಅವನು ಕೂತರೆ ಇಪ್ಪತ್ತು ಜನ ಕೂರುತ್ತಾರೆ, ಅವನು ಎದ್ದರೆ ಇಪ್ಪತ್ತು ಜನ ಏಳುತ್ತಾರೆ. ಅಂಥ ಗಿರಾಕಿ.

“ಏನ್ ಅಕ್ಕಾ, ಖಾನಾವಳ್ಯಾಗ ಕೋಳಿ ಬೇಯಾಕತ್ತೈತಂತ?”

“ಖಾನಾವಳ್ಯಾಗ ಅಲ್ಲ, ಹಿತ್ತಲದಾಗ. ನಿನಗಲ್ಲ, ಸಾವ್ಕಾರಗ. ಕುಂದ್ರು.”

“ಹೊರಗ ಶುದ್ಧ ಸಸ್ಯಾಹಾರಿ ಅಂತ ಬೋರ್ಡ್ ಹಾಕಿ, ಒಳಗ ಇದು? ಬೋರ್ಡಿಗೆ ಸುಳ್ಳು ಹೇಳಸ್ತೀಯಲ್ಲ ಅಕ್ಕಾ!”

ಅವನು ಹೊರಟ, ಹಿಂದೆಯೇ ಇಪ್ಪತ್ತು ಜನ. ಸುಳ್ಳು ಎಂಬ ಮಾತು ದೊಡ್ಡವ್ವನಿಗೆ ನಾಟಿತು. ಮರುದಿನವೇ ಪೇಂಟರು ಬಂದ. ‘ಶುದ್ಧ ಸಸ್ಯಾಹಾರಿ’ಯ ಕೆಳಗೆ, ಅದೇ ಹಸಿರು ಬಣ್ಣದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಬರೆದ: ‘ಬೆಕ್ಕೊಂದನ್ನು ಬಿಟ್ಟು.’

ಪೀಣ್ಯವೆಲ್ಲ ನಕ್ಕಿತು. ನಕ್ಕವರು ಬೋರ್ಡು ನೋಡಲು ಬಂದರು, ಉಣ್ಣಲು ಹಿಂದಿನ ರಸ್ತೆಯ ಖಾನಾವಳಿಗೆ ಹೋದರು. ಬುಟ್ಟಿಯಲ್ಲಿ ರೊಟ್ಟಿ ಉಳಿಯತೊಡಗಿತು. ನನಗೆ ಹೆದರಿಕೆಯಾಯಿತು. “ದೊಡ್ಡವ್ವಾ, ಒಂದು ಬೆಕ್ಕಿಗೋಸ್ಕರ ಇಷ್ಟು ಹಟ ಬೇಕಾ?” ಎಂದೆ. ಬೆಂಗಳೂರಿನ ಕನ್ನಡದಲ್ಲೇ ಎಂದೆ. ಧೈರ್ಯ ಕಡಿಮೆಯಾದಾಗ ನನಗೆ ಈ ಭಾಷೆ ಬರುತ್ತದೆ.

“ಗಿರಾಕಿ ಹೋದ್ರ ತಿರುಗಿ ಬರ್ತಾರ. ಇದು ಹೋದ್ರ ಬರ್ತೈತೇನು?”

ಬಂದರು! ಮೊದಲು ಬಂದವನು ಸೂಪರ್‌ವೈಸರ್ ಕಾಕಾನೇ. ಯಾರ ಮುಖವನ್ನೂ ನೋಡದೆ ಮೂಲೆಯಲ್ಲಿ ಕೂತು ಹೇಳಿದ: “ಅಲ್ಲಿ ರೊಟ್ಟಿ ರಬ್ಬರ್ ಗ್ಯಾಸ್ಕೆಟ್ ಇದ್ದಂಗ ಅದಾವ ಅಕ್ಕಾ.”

“ಮೊದಲ ಕೈ ತೊಳ್ಕೊಂಡು ಬಾ” ಎಂದಳು ದೊಡ್ಡವ್ವ, ಅಷ್ಟೇ.

ಸಾವ್ಕಾರನ ಸಕ್ಕರೆ ಇಳಿಯತೊಡಗಿತು. ಮುನ್ನೂರು ಇನ್ನೂರಾಯಿತು, ಕಾಲು ನೆಟ್ಟಗಾಯಿತು. ಊಟ ಬದಲಾದ ಮೇಲೆ ಸಕ್ಕರೆ ದಿಢೀರನೆ ಬೀಳಲೂಬಹುದು, ಎಚ್ಚರವಿರಲಿ ಎಂದು ಡಾಕ್ಟರು ಡೋಸು ಇಳಿಸಿಯೂ ಇದ್ದರು. ಆದರೂ ಒಂದು ಮಧ್ಯಾಹ್ನ ಲ್ಯಾಬಿನಲ್ಲಿದ್ದ ನನಗೆ ಕಾಕಾನ ಫೋನು.

“ತಂಗೀ, ಸಾವ್ಕಾರ ಜೋಳದ ಚೀಲದ ಮ್ಯಾಲಿಂದ ಬಿದ್ದಾನ. ಕಣ್ಣು ಬಿಟ್ಟಾನ, ಏಳವಲ್ಲ.”

“ಸಕ್ಕರೆ ಇಳಿದೈತಿ! ಬೆಲ್ಲದ ನೀರು ವಸಡಿಗೆ ಹಚ್ರಿ, ನಾ ಬಂದೆ!”

ಆದರೆ ಬೆಲ್ಲ ಎಲ್ಲಿದೆ? ಸಾವ್ಕಾರ ತಿನ್ನದ ಸಿಹಿ ಯಾರಿಗೂ ಬೇಡ ಎಂದು ದೊಡ್ಡವ್ವ ಖಾನಾವಳಿಯಲ್ಲಿ ಒಂದು ಹರಳು ಸಕ್ಕರೆಯನ್ನೂ ಇಟ್ಟಿರಲಿಲ್ಲ. ಯುಗಾದಿಗೆ ಹೋಳಿಗೆಯಿಲ್ಲದೆ ಎಲ್ಲರೂ ಬರೀ ಬೇವು ತಿಂದಿದ್ದೆವು!

ನಾನು ಬಿಳಿ ಕೋಟಿನಲ್ಲೇ ಓಡಿಬಂದಾಗ ಖಾನಾವಳಿ ತುಂಬಿತ್ತು, ಆದರೆ ಯಾರೂ ಉಣ್ಣುತ್ತಿರಲಿಲ್ಲ. ಕೋಳಿಯ ವಾಸನೆಗೆ ಊಟ ಬಿಟ್ಟು ಹೋಗಿದ್ದ ಸೂಪರ್‌ವೈಸರ್ ಕಾಕಾ ಟೀ ಅಂಗಡಿಯಿಂದ ಮುಷ್ಟಿಯಲ್ಲಿ ಸಕ್ಕರೆ ತಂದು, ಲೋಟದಲ್ಲಿ ಕರಗಿಸಿಕೊಂಡು, ಸೇಫ್ಟಿ ಬೂಟಿನಲ್ಲಿ ಮಂಡಿಯೂರಿ ಕೂತಿದ್ದ. ದೊಡ್ಡವ್ವ ಬೆರಳು ಅದ್ದಿ ಅದ್ದಿ ಸಾವ್ಕಾರನ ವಸಡಿಗೆ ತಿಕ್ಕುತ್ತಿದ್ದಳು. ಬೈಯುತ್ತಲೂ ಇದ್ದಳು.

“ಏಳು. ಒಂದ್ಸಲ ಬಿದ್ರ ಮುಗೀತೇನು? ರೊಟ್ಟಿ ಸುಟ್ಟಿತಂತ ಯಾರಾದ್ರೂ ಒಲಿ ಆರಸ್ತಾರೇನು? ಏಳಂದ್ರ ಏಳು!”

ಅವಳಿಗೆ ಎದುರಾಡಿ ಗೆದ್ದವರಿಲ್ಲ. ಸಾವ್ಕಾರ ನಾಲಿಗೆ ಹೊರಗೆ ಹಾಕಿ ಅವಳ ಬೆರಳು ನೆಕ್ಕಿದ. ಸಾಲಾಗಿ ಕೂತ ಜನರೆಲ್ಲ ಒಟ್ಟಿಗೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ರೊಟ್ಟಿ ಬುಟ್ಟಿ, ಆಟೋ, ಕ್ಲಿನಿಕ್ಕು. ಡಾಕ್ಟರು ಡೋಸು ಮತ್ತೆ ಇಳಿಸಿದರು, ಇನ್ನೂ ಇಳಿಸಿದರು, ಕೊನೆಗೊಂದು ದಿನ ದೊಡ್ಡ ಪರೀಕ್ಷೆ ಮಾಡಿಸಿ, “ಸದ್ಯಕ್ಕೆ ಇನ್ಸುಲಿನ್ ಬೇಡಮ್ಮಾ. ವಾರಕ್ಕೊಮ್ಮೆ ರಕ್ತ ನೋಡ್ತಾ ಇರಿ” ಎಂದರು. ಆಮೇಲೆ, “ನಿಮ್ಮಿಂದ ಆಗುತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ” ಎಂದರು.

“ಭಾಳ ಮಂದಿ ಹಂಗs ಅಂದ್ಕೊಂತಾರ” ಎಂದಳು ದೊಡ್ಡವ್ವ.

ಮರುದಿನ ಊಟದ ಹೊತ್ತಿಗೆ ಬಂದು ನೋಡುತ್ತೇನೆ, ಗೋಡೆಯ ಮೇಲೆ, ಕಪ್ಪು ಗೌನಿನ ನನ್ನ ಪಕ್ಕಕ್ಕೆ ಅಂಟಿಕೊಂಡಂತೆ, ಲ್ಯಾಮಿನೇಷನ್ ಮಾಡಿಸಿದ ಬೆಕ್ಕಿನ ರಕ್ತದ ರಿಪೋರ್ಟು ತೂಗುತ್ತಿದೆ! ಹೂವೂ ಹಾಕಿದ್ದಾಳೆ. ಅದೂ ಅದಕ್ಕೆ ದೊಡ್ಡದು, ನನಗೆ ಚಿಕ್ಕದು! ಮೈ ಉರಿಯಿತು. ಇಡೀ ಮನೆತನದ ಮೊದಲ ಡಿಗ್ರಿಯ ಪಕ್ಕದಲ್ಲಿ ಬೆಕ್ಕಿನ ಸಕ್ಕರೆಯೇ? ಸ್ಟೂಲು ಎಳೆದು ಹತ್ತಿ ಕೈ ಚಾಚಿದೆ.

ಕೈ ತೊಳೆಯಲು ಬಂದ ಸೂಪರ್‌ವೈಸರ್ ಕಾಕಾ ತಲೆ ಎತ್ತಿ ನೋಡಿ ನಕ್ಕ. “ಏನ್ ಅಕ್ಕಾ, ಹುಡುಗಿ ಫೋಟೋದ ಬಾಜೂಕ ಬೆಕ್ಕಿನ ಕಾಗದ?”

ದೊಡ್ಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಎರಡೂ ಒಂದೊಂದ್ಸಲ ಬಿದ್ದು ಎದ್ದಾವು. ಎರಡೂ ನನ್ನವು. ಮಜ್ಜಿಗಿ ಬೇಕೇನು ನಿನಗ?”

ನಾನು ಸ್ಟೂಲಿನ ಮೇಲೆ ಹಾಗೇ ನಿಂತೆ. ಕೆಮಿಸ್ಟ್ರಿಯಲ್ಲಿ ಡುಮ್ಕಿ ಹೊಡೆದ ವರ್ಷ ಅಪ್ಪ ಇಲ್ಲೇ, ಈ ಗೋಡೆಯ ಹತ್ತಿರವೇ, ನನ್ನ ಬಟ್ಟೆಯ ಚೀಲ ಹಿಡಿದು ನಿಂತಿದ್ದ. ಊರಿನಲ್ಲಿ ಗಂಡು ನೋಡಿಯಾಗಿತ್ತು. ಅಂದೂ ದೊಡ್ಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿರಲಿಲ್ಲ. ಒಲೆಯ ಕಡೆಗೇ ಮುಖ ಮಾಡಿಕೊಂಡು, ರೊಟ್ಟಿ ಸುಟ್ಟಿತೆಂದು ಯಾರಾದರೂ ಒಲೆ ಆರಿಸುತ್ತಾರೇನು ಎಂದು ಅಪ್ಪನನ್ನು ಕೇಳಿದ್ದಳು. ಅಪ್ಪ ಚೀಲ ಕೆಳಗಿಟ್ಟು, ಕೈ ತೊಳೆದು, ಊಟಕ್ಕೆ ಕೂತಿದ್ದ.

ಸಾವ್ಕಾರನ ರಿಪೋರ್ಟು ಒಂದು ಕಡೆಗೆ ಸ್ವಲ್ಪ ವಾಲಿತ್ತು. ನೆಟ್ಟಗೆ ಮಾಡಿ ಕೆಳಗಿಳಿದೆ.